ಎಣಿಸದ ಹಿಂಡಿನ ಫೋಟೋ

‘ಕುರಿಗಳ ಸಂಖ್ಯೆ’ ಎಂಬ ಒಂದೇ ಒಂದು ಖಾನೆ ನನ್ನ ಜೀವ ತಿನ್ನುತ್ತಿತ್ತು. ಸಂಶೋಧನೆಗೆಂದು ಮಸ್ಕಿ ತಾಲ್ಲೂಕಿನ ಹನ್ನೊಂದು ಕುರಿಗಾರರ ಮನೆ ಸುತ್ತಿದ್ದೆ. ಹನ್ನೊಂದು ಕಡೆಯೂ ಅದು ಖಾಲಿ. ಸಂಖ್ಯೆ ಇಲ್ಲದಿದ್ದರೆ ಆ ಅಧ್ಯಾಯವೇ ಬೇಡ ಎಂದಿದ್ದರು ನನ್ನ ಗೈಡ್. ಸಿಂಧನೂರಿನ ಅಂಗಡಿ ಮನೆಯಲ್ಲಿ ಬೆಳೆದ ನನಗೆ ಎಣಿಸುವುದರಲ್ಲಿ ತಪ್ಪೇನೆಂದು ಹೊಳೆದಿರಲೇ ಇಲ್ಲ.

ಪಾಮನಕಲ್ಲೂರಿನ ದುರುಗಪ್ಪ ಹನ್ನೆರಡನೆಯವ, ಕೊನೆಯವ. ಪ್ರಶ್ನೆ ಕೇಳಿದ್ದೇ ತಡ, ಆತ ಮುಖ ತಿರುಗಿಸಿದ. ಹೆಂಡತಿ ಗ್ಯಾನಮ್ಮ ಸಿಡುಕಿದಳು: “ಕುರಿ ಎಣಿಸಬಾರದವ್ವ. ಎಣಿಸಿದ್ರ ಕಮ್ಮಿ ಆಗ್ತಾವ. ಓದಿದಾಕಿ ಅದಿ, ಇಷ್ಟೂ ಗೊತ್ತಿಲ್ಲೇನು?”

ಮುಖ ಸಣ್ಣದು ಮಾಡಿಕೊಂಡು, ಹಳೆಯ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ. ಗ್ಯಾನಮ್ಮ ಟ್ರಂಕಿನಿಂದ ಒಂದನ್ನು ತಂದಳು. ಹನ್ನೆರಡು ವರ್ಷದ ಹಿಂದಿನ ಮಗಳ ಮದುವೆ. ಅಕ್ಕಿಕಾಳು ಬಿದ್ದ ಕೂಡಲೇ ದುರುಗಪ್ಪ ಕುರಿಗಳ ಬಳಿ ಓಡಿದ್ದನಂತೆ. ಮದುಮಕ್ಕಳೇ ಹೊಲಕ್ಕೆ ಹೋಗಿ ಹಿಂಡಿನ ಮುಂದೆ ನಿಂತಿದ್ದರು.

“ಅಳಿಯನ ಪಕ್ಕದಲ್ಲಿರೋರು ಯಾರು?” ಎಂದೆ.

“ಯಾರೋ ಬೀಗರು ಇರಬೇಕ್ರೀ,” ಎಂದ ದುರುಗಪ್ಪ ಬೆರಳನ್ನು ಹಿಂದಿದ್ದ ಕುರಿಗಳತ್ತ ಸರಿಸಿದ. “ಇದು ಚುಕ್ಕಿ. ಇದರವ್ವ ಮೋಟಗಿವಿ, ಲಿಂಗಸುಗೂರು ದಾರಿಯಾಗ ಈದಿತ್ತು. ಮರಿ ನಾನ ಕಂಬಳ್ಯಾಗ ಹೊತ್ತು ತಂದೆ. ಇದು ಕರಿಮುಖಿ, ಚುಕ್ಕಿ ತಂಗಿ. ಭಾಳ ಸೆಡವಿನಾಕಿ.”

ಬೆರಳು ನಿಲ್ಲಲೇ ಇಲ್ಲ. ಜೋಳದ ಕಾಳಿನಷ್ಟು ಮುಖಗಳು, ನನಗೆ ಎಲ್ಲವೂ ಒಂದೇ ಕೆಂಪು. ಅವುಗಳಲ್ಲಿ ಒಂದೂ ಈಗ ಬದುಕಿಲ್ಲ. ಆತನಿಗೆ ಮಾತ್ರ ಒಂದೊಂದರ ಹೆಸರು, ತಾಯಿ, ಹುಟ್ಟಿದ ಜಾಗ ಎಲ್ಲ ನೆನಪಿತ್ತು. ಇಂಥವನ ಹತ್ತಿರ ಬರೀ ಒಂದು ಅಂಕಿ ಕೇಳಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಂಚಿನಲ್ಲಿ ಅರ್ಧ ಮಾತ್ರ ಸಿಕ್ಕಿದ್ದ ಕುರಿಯ ಮೇಲೆ ಬೆರಳು ತಡೆಯಿತು. “ಇದು ನಮ್ದಲ್ಲರೀ. ಬಾಜೂ ಹಿಂಡಿನ ಮಾಳಿಂಗರಾಯಂದು. ದಾರಿ ತಪ್ಪಿ ಬಂದಿತ್ತು, ಸಂಜೀಕ ಮುಟ್ಟಿಸಿ ಬಂದೆ.”

ಅಷ್ಟರಲ್ಲಿ ನನ್ನ ಪೆನ್ನು, ಹೆಸರಿಗೊಂದರಂತೆ, ಹಾಳೆಯಲ್ಲಿ ಗೆರೆ ಎಳೆದಿತ್ತು. ಕೂಡಿಸಿದರೆ ಸಾಕು, ಹಳೆಯದಾದರೂ ಖಾನೆಗೊಂದು ಸಂಖ್ಯೆ ಸಿಕ್ಕೇಬಿಡುತ್ತಿತ್ತು.

“ಅದೇನವ್ವ ಗೆರಿ?” ಎಂದಳು ಗ್ಯಾನಮ್ಮ.

ಗೆರೆಗಳನ್ನೆಲ್ಲ ಕಾಣದಂತೆ ಗೀಚಿ ಹಾಕಿದೆ. ಖಾನೆಯಲ್ಲಿ ಬರೆದು, ಗಟ್ಟಿಯಾಗಿ ಓದಿದೆ: “ಎಣಿಸುವುದಿಲ್ಲ. ಒಂದೊಂದನ್ನೂ ಬಲ್ಲರು.” ಗೈಡ್ ಬೈದರೆ ಬೈಯಲಿ.

ದುರುಗಪ್ಪ ಕಂಬಳಿ ಹೆಗಲಿಗೇರಿಸಿ ಎದ್ದ. “ಬರ್ರಿ ಹೊಲಕ್ಕ. ಚುಕ್ಕಿ ಮರಿಮೊಮ್ಮಗಳು ಅದಾಳ, ತೋರಸ್ತೀನಿ.”