ಕಡಲತಳದ ಒಂಟಿ ಕೋಶ

ನಾನು ಒಂದೇ ಜೀವಕೋಶದ ಜೀವಿ. ಬೆರಳುದ್ದ ಇದ್ದೆ, ಒಂಟಿ ಕೋಶಕ್ಕೆ ಅದು ಬಲು ದೊಡ್ಡ ಮೈ. ಬೆಳಕೇ ಇಳಿಯದ ಕಡಲತಳದಲ್ಲಿ ಹುಟ್ಟಿ, ಮರಳಿನ ಕಣಗಳನ್ನು ಆರಿಸಿ ಅಂಟಿಸಿಕೊಂಡು, ಸುತ್ತಲೂ ಬಿಳಿಯ ಕೊಳವೆ ಕಟ್ಟಿಕೊಂಡೆ. ಒಂದು ದಿನ ಕೆಸರು ಕುಸಿದು ನನ್ನನ್ನು ಮುಚ್ಚಿತು. ಆ ಕೆಸರು ಕಲ್ಲಾಯಿತು; ಎಷ್ಟೋ ಕಾಲದ ಮೇಲೆ ಕಡಲತಳವೇ ಮೇಲೆದ್ದು ದ್ವೀಪವಾಯಿತು.

ಅಂಡಮಾನಿನ ದಂಡೆಯಲ್ಲಿ ನನ್ನನ್ನು ಕಂಡವರು ಧಾರವಾಡದ ಭೂವಿಜ್ಞಾನದ ಮಾಸ್ತರರಾದ ಚಿದಂಬರ. ಕಲ್ಲು ಒದ್ದೆಯಾದರೆ ಅದರೊಳಗಿನದು ಎದ್ದು ಕಾಣುತ್ತದೆಂದು ನಾಲಿಗೆ ತಾಗಿಸಿ ನೋಡುವುದು ಆ ವಿದ್ಯೆಯವರ ರೂಢಿ. ಅವರೂ ನೆಕ್ಕಿದರು.

"ಕುಮುದಾ, ಇಲ್ಲೆ ಬಾ! ಹುಳದ ಗೂಡಲ್ಲ ಇದು. ಒಂದ ಕೋಶ, ಇಡೀ ಒಂದ ಜೀವ!"

"ಮನ್ಯಾಗ ಸಾರಿಗೆ ಉಪ್ಪು ಹೆಚ್ಚಾತಂತೀರಿ, ಇಲ್ಲೆ ಸಮುದ್ರದ ಕಲ್ಲು ನೆಕ್ಕತೀರಿ!" ಎಂದು ನಕ್ಕರು ಹೆಂಡತಿ ಕುಮುದಿನಿ. ಅವರೂ ಅದೇ ವಿಷಯ ಕಲಿಸುವವರು. ಚಿದಂಬರ ತಮ್ಮ ಬನಿಯನ್ನಿನಲ್ಲಿ ನನ್ನನ್ನು ಸುತ್ತಿ ತಂದರು.

ವಿಭಾಗದ ಹಿರಿಯರಾದ ಸಂಗನಬಸಪ್ಪ ಸರ್ ಒಪ್ಪಲಿಲ್ಲ. "ಹುಳದ ಗೂಡಿಗೆ ಹೆಸರಿಡಾಕ ಹೊಂಟೀಯೇನೋ ಚಿದಂಬರಾ?" ಎಂದು ಎಲ್ಲರೆದುರು ಹಾಸ್ಯ ಮಾಡಿದರು. ಸೂಕ್ಷ್ಮದರ್ಶಕದಲ್ಲಿ ನಿಜ ತೋರಿಸಬೇಕಾದರೆ ನನ್ನನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ಅರೆಯಬೇಕು. ಚಿದಂಬರರಿಗೆ ಮನಸ್ಸು ಬರಲಿಲ್ಲ. ಬೇಸಿಗೆಯಲ್ಲಿ ಇನ್ನೊಂದನ್ನು ಹುಡುಕಿ ತರುತ್ತೇನೆ ಎನ್ನುತ್ತಿದ್ದವರು ಬೇಸಿಗೆಗೆ ಮೊದಲೇ ಎದೆನೋವಿನಿಂದ ತೀರಿಕೊಂಡರು.

ಕುಮುದಿನಿಗೆ ಬೇಕಿದ್ದುದು ಒಂದೇ: ಗಂಡನ ಮಾತು ನಗೆಪಾಟಲಾಗಿ ಉಳಿಯಬಾರದು. ನನ್ನನ್ನು ಎರಡಾಗಿ ಕೊಯ್ದು, ಅರ್ಧವನ್ನು ಗಾಜಿಗೆ ಅಂಟಿಸಿ, ಕಲ್ಲು ಸವೆಸುವ ಒದ್ದೆ ಪುಡಿಯ ಮೇಲೆ ಅರೆಯತೊಡಗಿದರು. ಸಂಗನಬಸಪ್ಪ ಸರ್ ಕರೆಯದೆಯೇ ಬಂದು ನೀರು ಹನಿಸುತ್ತ ನಿಂತರು. ಹೆಚ್ಚು ಅರೆದರೆ ಕಲ್ಲೆಲ್ಲ ಸವೆದುಹೋಗುತ್ತದೆ, ಆಗಾಗ ಎತ್ತಿ ನೋಡಬೇಕು. ಕುಮುದಿನಿಯ ಕಣ್ಣು ತುಂಬಿತ್ತು. ಸರ್ ನೋಡುತ್ತಿದ್ದುದು ಅವರ ಮುಖವನ್ನು. ಎತ್ತಿದಾಗ ಗಾಜು ಬರಿದಾಗಿತ್ತು.

"ಇನ್ನೊಂದರ್ಧ ಐತಲ್ಲವಾ" ಎಂದರು ಸರ್ ಮೆಲ್ಲಗೆ.

"ಅದಕ್ಕ ಗರಗಸ ಹಚ್ಚಾಕ ನನ್ನ ಕೈಲೆ ಆಗೂದಿಲ್ರಿ. ಅವರು ಮುಟ್ಟಿದ್ದು ಅಷ್ಟ ಉಳದದ."

"ಹಂಗಾರ ಒಂದ ಕೋಶ ಇತ್ತು, ನಾನೂ ನೋಡೀನಿ ಅಂತ ಬರದ ಕೊಡ್ತೀನಿ."

"ಬ್ಯಾಡ್ರಿ ಸರ್. ಕಾಣಲಾರದ್ದನ್ನ ಕಂಡೀವಿ ಅಂದ್ರ ಅವರಿಗೆ ಸೇರ್ತಿರಲಿಲ್ಲ."

ಸರ್ ಆ ಬರಿಯ ಗಾಜನ್ನು ತಮ್ಮ ಕರವಸ್ತ್ರದಿಂದ ಒರೆಸಿ, ಅವರ ಕೈಗಿತ್ತರು.

ಉಳಿದರ್ಧವಾದ ನಾನು ಈಗ ಕುಮುದಿನಿಯ ಮೇಜಿನ ಮೇಲೆ, ಅದೇ ಬನಿಯನ್ನಿನ ಮೇಲೆ ಮಲಗಿದ್ದೇನೆ. ಕೆಲವು ಸಂಜೆ ಅವರು ನನಗೆ ನಾಲಿಗೆ ತಾಗಿಸುತ್ತಾರೆ. ಬಿಳಿಯ ಗೆರೆ ಎದ್ದು ಕಾಣುತ್ತದೆ. "ಉಪ್ಪು ಎಲ್ಲಾ ಹೋತಲ್ರೀ" ಎನ್ನುತ್ತಾರೆ. ಗೆರೆ ಒಣಗುತ್ತದೆ.

ಚಿದಂಬರ ಹೇಳಿದ್ದು ನಿಜ. ಈ ಕೊಳವೆಯಲ್ಲಿ ಹುಳವಿರಲಿಲ್ಲ, ನಾನೊಂದೇ ಇದ್ದೆ. ಕುಮುದಿನಿಯ ನಾಲಿಗೆ ತಾಗಿದಾಗಲೆಲ್ಲ ಅದನ್ನು ಹೇಳಬೇಕೆನಿಸುತ್ತದೆ. ನನಗೆ ಬಾಯಿಲ್ಲ.