ಹತ್ತರ ಸ್ಪ್ಯಾನರ್

ಕೈಯಲ್ಲಿದ್ದ ಹೂವನ್ನು ಇಡುವುದನ್ನೂ ಮರೆತು ಮೆಕ್ಯಾನಿಕ್ ಜನರ ನಡುವೆ ನುಸುಳಿ ಅಡುಗೆಮನೆಯ ಬಾಗಿಲಿಗೆ ಬಂದ. ನಡುಮನೆಯಲ್ಲಿ ಸಾಹೇಬರನ್ನು ಮಲಗಿಸಿದ್ದರು, ಹೊರಗೆ ಶವದ ವ್ಯಾನು ಕಾಯುತ್ತಿತ್ತು. ಇಂಥ ಹೊತ್ತಿನಲ್ಲಿ ಕೇಳುವ ಮಾತೇ ಅದು? ಆದರೆ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

"ಅಮ್ಮಾ, ಆಸ್ಪತ್ರೆಯವ್ರು ಸಾಹೇಬರ ಬಟ್ಟೆ ಕೊಟ್ರಲ್ಲ... ಅದ್ರಲ್ಲಿ ಸ್ಪ್ಯಾನರ್ ಏನಾದ್ರೂ ಇತ್ತಾ?"

ಸಾಹೇಬರ ಹೆಂಡತಿ ಅವನ ಮುಖವನ್ನೇ ನೋಡಿದರು. "ಯಾಕಪ್ಪ?"

"ಮೊನ್ನೆ ಆ ಚಿಕ್ಕ ವಿಮಾನದ ನೆಲದ ಹಲಗೆ ಬಿಚ್ಚಿ ನೋಡ್ತಿದ್ರು. ಹತ್ತರ ಸೈಜಿನ ಸ್ಪ್ಯಾನರ್ ತಗೊಂಡಿದ್ದು ಬುಕ್ಕಲ್ಲಿದೆ, ವಾಪಸ್ ಇಟ್ಟಿದ್ದು ಬರೆದಿಲ್ಲ. ಹಲಗೆ ಮುಚ್ಚಿದ್ಮೇಲೇ ಕುಸಿದ್ರು. ನಾಲ್ಕಕ್ಕೆ ಅದು ಹಾರತ್ತೆ. ಅವರ ಜೇಬಲ್ಲೇ ಇರತ್ತೆ ಬಿಡು ಅಂತಾರೆ ವಿಮಾನದ ಓನರ್ರು."

*

ಮೂವತ್ತೊಂದು ವರ್ಷ ವಿಮಾನಗಳ ರಿಪೇರಿ ಪುಸ್ತಕ ಬರೆದವರು ಸಾಹೇಬರು. ಒಂದು ಬೋಲ್ಟಿಗೂ ಸಹಿ ಕೇಳುತ್ತಾರೆಂದು ವಿಮಾನ ನಿಲ್ಲಿಸುವ ಹ್ಯಾಂಗರಿನವರು 'ಸಹಿ ಸಾಹೇಬರು' ಎಂದೇ ಕಿಚಾಯಿಸುತ್ತಿದ್ದರು. ಮಗಳ ಮದುವೆಯ ಊಟದ ನಡುವೆ ಎದ್ದುಹೋದ ಪುಣ್ಯಾತ್ಮ. ಯಾವುದೋ ಸಾಲಿಗೆ ಸಹಿ ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಹಾಕಿದ್ದರು. "ನಾನು ಮರೆಯೋನಲ್ಲ ಕಣೇ," ಎಂದು ಬಂದು ಆರಿದ ಅನ್ನವನ್ನೇ ಉಂಡಿದ್ದರು. ಆ ಮಾತನ್ನು ಹೆಂಡತಿ ಕಣ್ಣುಮುಚ್ಚಿ ನಂಬಿದ್ದರು.

*

ಹೆಂಡತಿ ಆಸ್ಪತ್ರೆಯ ಚೀಲವನ್ನು ನೆಲಕ್ಕೆ ಸುರಿದರು. ಅಂಗಿ, ಕನ್ನಡಕ, ಪೆನ್ನು. ಜೇಬುಗಳನ್ನು ಎರಡೆರಡು ಸಲ ತಡಕಿದರು. ಸ್ಪ್ಯಾನರ್ ಇರಲಿಲ್ಲ.

"ಅವರು ಮರೆಯೋರಲ್ಲಪ್ಪ."

"ಗೊತ್ತಮ್ಮಾ. ಆದ್ರೆ ಆ ಹಲಗೆ ಕೆಳಗೇ ಬಾಲ ತಿರುಗಿಸೋ ತಂತಿ ಇರೋದು. ಸ್ಪ್ಯಾನರ್ ಸಿಕ್ಕಾಕೊಂಡ್ರೆ ಮುಗೀತು. ನನ್ನ ಮಾತು ಓನರ್ ಕಿವಿಗೇ ಹಾಕ್ಕೊಳ್ಳಲ್ಲ."

ಮರೆಯುವವರಲ್ಲ ಎಂಬುದೊಂದೇ ಗಂಡ ಸಂಪಾದಿಸಿದ್ದ ಹೆಸರು. ಅದನ್ನು ಇವತ್ತೇ, ಅವರಿನ್ನೂ ಮನೆಯಲ್ಲಿರುವಾಗಲೇ, ತಾನೇ ಕಳೆಯಬೇಕೇ? ಗಡಿಯಾರ ನೋಡಿ ಅವನ ಫೋನು ಕಿತ್ತುಕೊಂಡು ಓನರಿಗೆ ಕರೆ ಮಾಡಿದರು.

"ನಾನು, ಸಾಹೇಬರ ಮನೆಯವ್ರು ಮಾತಾಡ್ತಿರೋದು. ಹಾರಿಸ್ಬೇಡಿ. ಹಲಗೆ ಬಿಚ್ಚಿಸಿ. ನಮ್ಮನೆಯವ್ರು ಮರೆತಿದಾರೆ."

ಕೂತಿದ್ದವರೆಲ್ಲ ತಿರುಗಿ ನೋಡಿದರು.

ಸಾಹೇಬರನ್ನು ವ್ಯಾನಿಗೆ ಏರಿಸುವಾಗ ಫೋನು ಬಂತು. ಮೆಕ್ಯಾನಿಕ್ ಕೇಳಿಸಿಕೊಂಡು ಗೋಡೆಗೆ ಒರಗಿದ. "ಸಿಕ್ತಮ್ಮಾ. ತಂತಿ ಪಕ್ಕದಲ್ಲೇ ಇತ್ತಂತೆ." ಆಮೇಲೆ ದನಿ ತಗ್ಗಿಸಿದ. "ಬುಕ್ಕಲ್ಲಿ ಮೊನ್ನೇದೇ ತಾರೀಕು ಹಾಕ್ಬಿಡ್ತೀನಿ. ಸಾಹೇಬರೇ ವಾಪಸ್ ಇಟ್ಟಂಗಾಗತ್ತೆ. ಯಾರಿಗೂ ಗೊತ್ತಾಗಲ್ಲ."

"ಬೇಡ. ಇವತ್ತಿಂದೇ ಹಾಕಪ್ಪ. ಎಲ್ಲಿ ಸಿಕ್ತು ಅಂತಾನೂ ಬರಿ."

ಅವರು ಮುಷ್ಟಿ ಬಿಚ್ಚಿದರು. ಅಷ್ಟು ಹೊತ್ತೂ ಹಿಡಿದಿದ್ದ ಗಂಡನ ಪೆನ್ನು ಬೆವರಿಗೆ ಒದ್ದೆಯಾಗಿತ್ತು. ಸೆರಗಿನಲ್ಲಿ ಒರೆಸಿ ಅವನ ಕೈಗೆ ಕೊಟ್ಟರು.