ಸುಮ್ಮನಿದ್ದ ಹೊತ್ತು

ಒಂದನೇ ತರಗತಿಗೆ ಪಾಠ ಹೇಳಲು ಸ್ನಾತಕೋತ್ತರ ಪದವಿ ಬೇಕು ಎಂದು ನಮ್ಮ ಹೆಡ್‌ಮಾಸ್ಟರ ಕಿವಿಯಲ್ಲಿ ಯಾರು ಊದಿದರೋ ಗೊತ್ತಿಲ್ಲ. ಅದೂ ಎಂಥ ಪದವಿ? ಬೋಧನಾ ತಂತ್ರಜ್ಞಾನ. ಕಂಪ್ಯೂಟರು, ಪರದೆ, ವಿಡಿಯೋ ಹಿಡಿದುಕೊಂಡು ಪಾಠ ಮಾಡುವುದು ಹೇಗೆ ಎಂಬ ಓದು. "ಇಲ್ದಿದ್ರೆ ನಿಮ್ಮನ್ನ ಲೈಬ್ರರಿಗೆ ಹಾಕ್ಬೇಕಾಗತ್ತೆ ಮೇಡಂ, ನನ್ ಕೈಲಿ ಏನೂ ಇಲ್ಲ," ಎಂದರು. ಅವರ ಕೈಯಲ್ಲಿ ಯಾವತ್ತೂ ಏನೂ ಇರುವುದಿಲ್ಲ, ಟೀ ಲೋಟವೊಂದನ್ನು ಬಿಟ್ಟರೆ.

ನನಗೆ ಲೈಬ್ರರಿ ಬೇಡ. ಮೊಣಕಾಲೆತ್ತರದ ಬೆಂಚುಗಳ ನಡುವೆ ಬಗ್ಗಿ ಬಗ್ಗಿ ಸೊಂಟ ಹಾಳು ಮಾಡಿಕೊಂಡವಳು ನಾನು. ಅದೇ ಕೋಣೆಯಲ್ಲಿ ಕೂದಲು ನೆರೆತಿದೆ. ಹಾಡಲು ಬರುವುದಿಲ್ಲ, ಚಿತ್ರ ಬರೆದರೆ ಆನೆಗೂ ಹಂದಿಗೂ ವ್ಯತ್ಯಾಸವಿರುವುದಿಲ್ಲ. ನನಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ವಿದ್ಯೆ, ಪ್ರಶ್ನೆ ಕೇಳಿ ಸುಮ್ಮನಿರುವುದು. ಅದೇನು ಮಹಾ ಎನ್ನಬೇಡಿ. ಹೊಸದಾಗಿ ಬಂದ ಟೀಚರುಗಳು ಪ್ರಶ್ನೆ ಕೇಳಿ ಉಸಿರು ಬಿಡುವುದರೊಳಗೆ ಉತ್ತರವನ್ನೂ ತಾವೇ ಹೇಳಿ ಮುಗಿಸಿರುತ್ತಾರೆ. ನಾನು ಕಾಯುತ್ತಿದ್ದೆ. ಕಿಟಕಿಯಾಚೆ ನೋಡುತ್ತ, ಕೈಯ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತ, ನನಗೆ ಯಾವ ಅವಸರವೂ ಇಲ್ಲವೆಂಬಂತೆ.

ಆ ವರ್ಷ ನಾನು ಕಾಯುತ್ತಿದ್ದದ್ದು ಗುಬ್ಬಿಗಾಗಿ. ಮುಷ್ಟಿಯಷ್ಟಿದ್ದ ಹುಡುಗಿ, ಹೆಸರು ನಾನೇ ಇಟ್ಟದ್ದು. ತಲೆಯೊಳಗೆ ಎಲ್ಲ ಇತ್ತು, ನಾಲಿಗೆಗೆ ಮಾತ್ರ ಬರುತ್ತಿರಲಿಲ್ಲ. ಬೆಂಚಿನ ಕೆಳಗೆ ಬೆರಳು ಮಡಚಿ ಮಡಚಿ ಲೆಕ್ಕ ಹಾಕುತ್ತಿದ್ದಳು, ತುಟಿ ಅಲುಗುತ್ತಿತ್ತು, ಅಷ್ಟಕ್ಕೇ ನಿಲ್ಲುತ್ತಿತ್ತು. ತರಗತಿಗೆಲ್ಲ ಕೇಳುವಂತೆ ಅವಳ ಬಾಯಿಂದ ಒಂದೇ ಒಂದು ಉತ್ತರ ಬರಬೇಕು ಎಂಬುದು ನನ್ನ ಹಟ. ಒಂದನೇ ತರಗತಿ ಮುಗಿದರೂ ಅವಳು ನನ್ನ ಮುಂದೆಯೇ ಇರುತ್ತಾಳೆ, ನಮ್ಮಲ್ಲಿ ಮೂರನೆಯವರೆಗೆ ಒಂದೇ ಕೋಣೆ. ಆದರೆ ನಾನೂ ಆ ಕೋಣೆಯಲ್ಲಿ ಉಳಿಯಬೇಕು. ಉಳಿಯಬೇಕಾದರೆ ಪದವಿ ಬೇಕು.

ಸಂಜೆ ಕಾಲೇಜಿಗೆ ಸೇರಿದೆ. ಬ್ಯಾಗು ಹೆಗಲಿಗೇರಿಸಿ ಹೊರಟ ಮೊದಲ ದಿನ ಯಜಮಾನರು ಬಾಗಿಲಲ್ಲಿ ನಿಂತು, "ನೀರಿನ ಬಾಟ್ಲಿ ತಗೊಂಡ್ಯಾ? ಮೇಷ್ಟ್ರು ಬೈದ್ರೆ ಅಳ್ಬೇಡ ಕಣೇ," ಎಂದರು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಪ್ಪ," ಎಂದು ಒಳಗಿನಿಂದ ಅತ್ತೆಯ ದನಿ ಬಂತು.

"ನನ್ ಸೊಂಟ ಆಗ್ಲೇ ಬಗ್ಗಿದೆ ಬಿಡಿ ಅತ್ತೆ," ಎಂದು ಚಪ್ಪಲಿ ಮೆಟ್ಟಿದೆ.

ಕಾಲೇಜಿನಲ್ಲಿ ನನಗೆ ಗೈಡ್ ಆಗಿ ಸಿಕ್ಕವನು ಯಾರೆಂದರೆ, ಆಮೆ! ನನ್ನ ಕೈಯಲ್ಲೇ ಒಂದನೇ ತರಗತಿ ಕಲಿತ ಹುಡುಗ. ಅವನಿಂದ ಉತ್ತರ ಬರುವಷ್ಟರಲ್ಲಿ ಹೊರಗೆ ಮಳೆ ಬಂದು ನಿಂತಿರುತ್ತಿತ್ತು, ಹಾಗಾಗಿ ಜೊತೆಯ ಮಕ್ಕಳು ಆ ಹೆಸರಿಟ್ಟಿದ್ದರು. ಈಗ ಅರಳು ಹುರಿದಂತೆ ಮಾತಾಡುತ್ತಾನೆ. "ಮಿಸ್! ನೀವಾ?" ಎಂದು ಕುರ್ಚಿಯಿಂದ ದಡಕ್ಕನೆ ಎದ್ದ. ನನ್ನ ಎದೆ ತುಂಬಿ ಬಂತು. ಆ ನಾಲಿಗೆಯ ಗಂಟು ಬಿಚ್ಚಿದವಳು ನಾನೇ ಎಂದುಕೊಂಡೆ. ಜಂಬವೇ ಸರಿ, ಸುಳ್ಳು ಯಾಕೆ ಹೇಳಲಿ.

ಕೊನೆಯ ಪರೀಕ್ಷೆಗೆ ಪಾಠವೊಂದನ್ನು ಚಿತ್ರೀಕರಿಸಿ ಒಪ್ಪಿಸಬೇಕಿತ್ತು. ನಾನು ಕಳೆಯುವ ಲೆಕ್ಕ ಆರಿಸಿಕೊಂಡೆ. ನನ್ನದೇ ತರಗತಿ, ನನ್ನದೇ ಮಕ್ಕಳು, ಮೇಜಿನ ಮೇಲೆ ಹತ್ತು ಅಂಗಿ ಗುಂಡಿಗಳು. ಆಮೆ ಅದನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ಕೂತ. ವಿಡಿಯೋದ ಕೆಳಗೆ ಧ್ವನಿಯ ಗೆರೆ ಏರುತ್ತ ಇಳಿಯುತ್ತ ಓಡುತ್ತಿತ್ತು, ನಾನು ಸುಮ್ಮನಿದ್ದ ಕಡೆಯಲ್ಲೆಲ್ಲ ನೆಲ ಕಚ್ಚಿ ಮಲಗಿತ್ತು.

"ಪಾಠ ಸೂಪರ್ ಮಿಸ್. ಆದ್ರೆ ಇಲ್ನೋಡಿ, ಖಾಲಿ. ಇಲ್ಲೂ ಖಾಲಿ," ಎನ್ನುತ್ತ ಒಂದೊಂದನ್ನೇ ಕತ್ತರಿಸಿ ಬಿಸಾಡತೊಡಗಿದ. ಒಂದು ಪೀರಿಯಡ್ಡಿನ ಪಾಠ ನೋಡನೋಡುತ್ತಿದ್ದಂತೆ ಟೀ ಕುಡಿಯುವಷ್ಟು ಹೊತ್ತಿಗೆ ಇಳಿಯಿತು. ಗುಬ್ಬಿ ಇಡಿಯಾಗಿ ಮಾಯವಾದಳು. ಅವಳಿದ್ದದ್ದೇ ಆ ಖಾಲಿಯಲ್ಲಿ.

"ಅದು ಖಾಲಿ ಅಲ್ಲಪ್ಪ, ಮಕ್ಕಳು ಯೋಚ್ನೆ ಮಾಡ್ತಿರೋ ಹೊತ್ತು."

"ನೋಡೋರು ಯಾರೂ ಕಾಯಲ್ಲ ಮಿಸ್. ಬೇರೆದಕ್ಕೆ ಹೋಗ್ಬಿಡ್ತಾರೆ."

ಗುರುವಿಗೇ ತಿರುಮಂತ್ರ! ನನಗೆ ಸಿಟ್ಟು ನೆತ್ತಿಗೇರಿತು. "ನಾನು ಕಾಯದೇ ಇದ್ದಿದ್ರೆ ನೀನು ಈ ಕುರ್ಚಿ ಮೇಲೆ ಕೂತಿರ್ತಿದ್ಯೇನೋ?"

ಮೌಸಿನ ಮೇಲಿನ ಅವನ ಕೈ ಹಾಗೇ ಉಳಿಯಿತು. ನಾನು ಅಭ್ಯಾಸಬಲದಿಂದ ಕಿಟಕಿಯ ಕಡೆ ನೋಡುತ್ತ ಕಾದೆ.

"ಮಿಸ್, ಬೇಜಾರು ಮಾಡ್ಕೋಬೇಡಿ," ಎಂದ ಕೊನೆಗೆ. "ನೀವು 'ಏಳು' ಅಂತಿದ್ರಿ. ನಾನು ಎದ್ದು ನಿಲ್ತಿದ್ದೆ. ಆಮೇಲೆ ನೀವು ಹಿಂಗೇ ಕಿಟಕಿ ನೋಡ್ತಾ ನಿಂತ್ಬಿಡ್ತಿದ್ರಿ. ಉಳಿದವರೆಲ್ಲ ನನ್ನೇ ನೋಡ್ತಿದ್ರು. ಗೊತ್ತಿದ್ದ ಉತ್ತರಾನೂ ಮರೆತುಹೋಗೋದು. ಯಾರಾದ್ರೂ ಹೇಳಿ ಮುಗಿಸಬಾರದಾ ಅನ್ಸೋದು. ಈಗ್ಲೂ ಯಾರಾದ್ರೂ ಮಾತಾಡ್ತಾ ಮಾತಾಡ್ತಾ ಸುಮ್ನಾದ್ರೆ ನನ್ ಕೈ ಬೆವರತ್ತೆ."

"ಆದ್ರೂ ಕೊನೇಲಿ ನೀನೇ ಹೇಳ್ತಿದ್ಯಲ್ಲೋ."

"ಪಕ್ಕದವನು ಪಿಸುಗುಡ್ತಿದ್ದ ಮಿಸ್."

ಅಷ್ಟು ಹೇಳಿ ಮತ್ತೆ ಕತ್ತರಿಸಲು ಕೂತ. ನಾನು ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ಬರುವಾಗ ಅವನನ್ನು ಕೃತಘ್ನ ಎಂದು ಬೈದುಕೊಂಡೆ, ಟೈ ಕಟ್ಟಿದ ಕತ್ತೆ ಎಂದೆ, ಇನ್ನೂ ಏನೇನೋ ಎಂದೆ. ಆದರೆ ಅವನ ಆ ಮಾತು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿ ಕೂತಿತ್ತು. ನನ್ನ ಕೈಯಲ್ಲಿ ಕಲಿತ ಮಕ್ಕಳ ಮುಖಗಳು ಒಂದೊಂದಾಗಿ ನೆನಪಾದವು. ಅವರಲ್ಲಿ ಎಷ್ಟು ಜನ ಉತ್ತರ ಹುಡುಕುತ್ತಿದ್ದರು, ಎಷ್ಟು ಜನ ಪಕ್ಕದವನ ಪಿಸುಮಾತಿಗೆ ಕಿವಿಗೊಟ್ಟು ಬೆವರುತ್ತಿದ್ದರು? ನನಗೆ ಹೇಗೆ ಗೊತ್ತಾಗಬೇಕು, ನಾನು ಕಿಟಕಿ ನೋಡುತ್ತಿದ್ದೆನಲ್ಲ.

ಪದವಿ ಬಂತು, ಮೊದಲ ದರ್ಜೆಯಲ್ಲೇ ಬಂತು. "ಇನ್ಮೇಲೆ ನಿನ್ನ ಮೇಡಂ ಅನ್ಬೇಕೇನೇ?" ಎಂದರು ಯಜಮಾನರು. ಹೆಡ್‌ಮಾಸ್ಟರು ಟೀ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅಲ್ಲಿಗೇ ಬಿಟ್ಟಿದ್ದರೆ ಪುಣ್ಯ ಬರುತ್ತಿತ್ತು. ಇಂಥದೇ ಇನ್ನಷ್ಟು ಪಾಠ ಮಾಡಿಸಿ, ದಿನದ ಮೊದಲ ಪೀರಿಯಡ್ಡಿಗೆ ಗೋಡೆಯ ಪರದೆಯಲ್ಲಿ ಅವನ್ನೇ ಹಾಕಬೇಕೆಂದು ಅಪ್ಪಣೆ ಮಾಡಿದರು. ನಾನು ರಿಮೋಟ್ ಹಿಡಿದು ಪಕ್ಕದಲ್ಲಿ ನಿಲ್ಲುವುದು, ಪರದೆಯೊಳಗಿನ ನಾನು ಪಟಪಟ ಪಾಠ ಹೇಳುವುದು. ಅವಳ ಪ್ರಶ್ನೆಯ ಬಾಲ ಹಿಡಿದೇ ಉತ್ತರ ಬರುತ್ತದೆ. ಮಕ್ಕಳಿಗೆ ನನಗಿಂತ ಅವಳೇ ಇಷ್ಟ.

ಒಂದು ಬೆಳಿಗ್ಗೆ ತಡೆಯಲಾಗದೆ ಪರದೆ ಆರಿಸಿದೆ. ಹತ್ತು ಗುಂಡಿ ತೆಗೆದುಕೊಂಡು ಗುಬ್ಬಿಯ ಬೆಂಚಿನ ಪಕ್ಕ ಮೊಣಕಾಲೂರಿ ಕೂತೆ. ಅವಳನ್ನು ನಿಲ್ಲಿಸಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ. ಆಮೆಯ ಮಾತು ಅಷ್ಟಾದರೂ ಕಲಿಸಿತ್ತು.

"ಗುಬ್ಬಿ, ಹತ್ತರಲ್ಲಿ ಮೂರು ಹೋದ್ರೆ ಎಷ್ಟು ಪುಟ್ಟಾ?"

ಅವಳ ಕೈಗಳು ಬೆಂಚಿನ ಕೆಳಗೆ ಹೋದವು. ತುಟಿ ಅಲುಗಿತು. ನಾನು ಕಾದೆ.

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು, "ಏಯ್, ಮಿಸ್ ಸ್ಟಕ್ ಆಗ್ಬಿಟ್ರು!"

ತರಗತಿಗೆ ತರಗತಿಯೇ ಘೊಳ್ಳೆಂದು ನಕ್ಕಿತು. ನಕ್ಕದ್ದು ನನ್ನನ್ನು ನೋಡಿ. ಗುಬ್ಬಿ ತನ್ನನ್ನೇ ಎಂದುಕೊಂಡಳು. ಅವಳ ಕಿವಿ ಕೆಂಪಾಯಿತು, ಮೂಗಿನ ಮೇಲೆ ಬೆವರು ಮೂಡಿತು. ಹಿಂದೆಯಾಗಿದ್ದರೆ ನಾನು ಗದರಿಸಿ ಎಲ್ಲರನ್ನೂ ಸುಮ್ಮನಾಗಿಸಿ ಮತ್ತೆ ಕಾಯುತ್ತಿದ್ದೆ. ಈಗ ಆ ಬೆವರನ್ನು ಕಂಡು ನನ್ನ ಧೈರ್ಯವೇ ಉಡುಗಿಹೋಯಿತು. ಯಾರಾದರೂ ಹೇಳಿ ಮುಗಿಸಬಾರದೇ ಎಂದು ಇವಳೂ ಒಳಗೇ ಬೇಡಿಕೊಳ್ಳುತ್ತಿದ್ದಾಳೆ ಎನ್ನಿಸಿತು. ಅವಳ ಬಾಯಿ ಅರ್ಧ ತೆರೆದಿತ್ತು. ಉತ್ತರಕ್ಕೋ ಅಳುವಿಗೋ ತಿಳಿಯಲಿಲ್ಲ.

"ಏಳು," ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಹೇಳಿದ್ದು ಉತ್ತರ, ಅವಳಿಗೆ ಕೇಳಿಸಿದ್ದು ಗದರಿಕೆ. ಗುಬ್ಬಿ ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ, ಮೆಲ್ಲಗೆ ಎದ್ದು ನಿಂತಳು. ಬೆಂಚಿನ ಕೆಳಗಿದ್ದ ಕೈಗಳು ಆಗ ನನ್ನ ಕಣ್ಣೆದುರಿಗೇ ಬಂದವು. ಮೂರು ಬೆರಳು ಮಡಚಿದ್ದವು, ಉಳಿದವೆಲ್ಲ ನೆಟ್ಟಗಿದ್ದವು.